ಕುಶಲಕರ್ಮಿಯ ಜಾಲತಾಣಕ್ಕೆ ಬೇಕಾದ ಮಾತು

ಕಪ್ಪು ಲೋಹದ ಮೈಯಲ್ಲಿ ಬೆಳ್ಳಿಯ ಚಿತ್ತಾರವನ್ನು ಕೂರಿಸುವ ಬೀದರಿನ ಬಿದರಿ ಕಲೆಯು ಬಹಮನಿ ಅರಸರ ಕಾಲದಿಂದ ಇಂದಿನವರೆಗೆ ನಡೆದುಬಂದಿರುವುದೂ, ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿರುವುದೂ, ಆ ಕಲೆಯ ಹಿರಿಯರಾದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿರುವುದೂ ನಾಡವರು ಹೆಮ್ಮೆಯಿಂದ ನೆನೆಯತಕ್ಕ ಸಂಗತಿಗಳು. ಆದರೆ ಇಷ್ಟು ಕೀರ್ತಿಯುಳ್ಳ ಕಲೆಯನ್ನೇ ನಂಬಿ ದುಡಿಯುವ ಸಾಮಾನ್ಯ ಕೆಲಸಗಾರರು ಕೈಯಲ್ಲಿದ್ದ ಹಣವನ್ನು ತೆತ್ತು ಜಾಲತಾಣವೊಂದನ್ನು ಮಾಡಿಸಿಕೊಂಡರೂ, ಗೂಗಲ್ಲಿನಲ್ಲಿ ಹುಡುಕುವವರ ಕಣ್ಣಿಗೆ ಅದು ಬೀಳದೆ ಹೋಗುವುದುಂಟು. ಇದು ಅವರ ಕೈಕೆಲಸದ ಕೊರತೆಯಲ್ಲ, ಅಕ್ಷರಸ್ಥರಾದ ನಾವು ಸಲ್ಲಿಸದೆ ಉಳಿಸಿಕೊಂಡಿರುವ ಸೇವೆಯ ಕೊರತೆಯೆಂದೇ ನಾನು ಭಾವಿಸುತ್ತೇನೆ.

ಶೋಧಯಂತ್ರವು ಪುಟಗಳನ್ನು ಓದಿ, ಅಲ್ಲಿರುವ ಪದಗಳನ್ನು ಆಧರಿಸಿ, ಇತರ ತಾಣಗಳು ಆ ಪುಟಕ್ಕೆ ಕೊಟ್ಟಿರುವ ಕೊಂಡಿಗಳನ್ನೂ ಗಣಿಸಿ, ಯಾವ ಪ್ರಶ್ನೆಗೆ ಯಾವುದನ್ನು ಮುಂದಿಡಬೇಕೆಂದು ನಿಶ್ಚಯಿಸುತ್ತದೆ. ಹತ್ತು ಛಾಯಾಚಿತ್ರಗಳನ್ನು ಸಾಲಾಗಿ ಅಂಟಿಸಿ, ತಲೆಬರಹದಲ್ಲಿ ‘ಹೋಮ್’ ಎಂದಷ್ಟೇ ನಮೂದಿಸಿ, ಕೆಳಗೊಂದು ದೂರವಾಣಿ ಸಂಖ್ಯೆಯನ್ನು ಕೊಟ್ಟು ಮುಗಿಸಿದ ಪುಟದಲ್ಲಿ ಅದಕ್ಕೆ ಓದಲು ಏನಿದೆ? ಬಿದರಿಯ ಹೆಸರನ್ನು ಬಲ್ಲವರು ಹೇಗೋ ಹುಡುಕಿಯಾರು. ಹೆಸರರಿಯದೆ, ಬೆಳ್ಳಿಯ ಬಳ್ಳಿಗಳುಳ್ಳ ಕಪ್ಪು ಹೂದಾನಿ ಬೇಕೆಂದು ಕೇಳುವ ದೂರದೇಶದ ಗ್ರಾಹಕರಿಗೆ ಆ ಪುಟ ಇದ್ದೂ ಇಲ್ಲದಂತೆಯೇ.

ಬರೆಯತಕ್ಕ ವಿಷಯಕ್ಕೇನು ಬಡತನವೆ? ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಗೀರು ಕಾಣಲೆಂದು ಮೈಲುತುತ್ತದ ನೀರಿನಿಂದ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿ, ಸಣ್ಣ ಉಳಿಗಳಿಂದ ಚಿತ್ತಾರವನ್ನು ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಮೆಲ್ಲನೆ ಕೂರಿಸಿ, ನುಣುಪುಗೊಳಿಸಿ, ಕಡೆಗೆ ಬೀದರ್ ಕೋಟೆಯಲ್ಲಿ ಬಿಸಿಲು ಮಳೆ ತಾಗದ ಎಡೆಯಿಂದ ತಂದ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಪಾತ್ರೆಗೆ ಹಚ್ಚಿದಾಗ, ಸತುವಿನ ಮೈಯೆಲ್ಲ ಗಾಢವಾದ ಕಪ್ಪನ್ನು ತಾಳಿ, ಬೆಳ್ಳಿ ಮಾತ್ರ ತನ್ನ ಬಿಳುಪನ್ನು ಬಿಡದೆ ಬೆಳಗುವ ಈ ಕ್ರಮವನ್ನು ಕೆಲಸಗಾರರು ಕೇಳಿದವರಿಗೆಲ್ಲ ಸವಿಸ್ತಾರವಾಗಿ ಹೇಳಬಲ್ಲರು. ಅದನ್ನು ಕೇಳಿ ಬರೆಯುವವರು ಬೇಕು. ಬೀದರ್ ಜಿಲ್ಲೆಯ ಕಾಲೇಜುಗಳ ಕನ್ನಡ, ಉರ್ದು, ಇಂಗ್ಲಿಷ್ ವಿಭಾಗಗಳ ವಿದ್ಯಾರ್ಥಿಗಳು ಕಾರ್ಯಾಗಾರಗಳಿಗೆ ಹೋಗಿ ಕುಳಿತು, ಪ್ರತಿಯೊಂದು ವಸ್ತುವಿನ ಹೆಸರು, ಅಳತೆ, ಉಪಯೋಗ, ಅದಕ್ಕೆ ಹಿಡಿದ ದಿನಗಳು, ಮಾಡಿದವರ ಹೆಸರು ಇವುಗಳನ್ನು ಬರೆದು, ಬರೆದದ್ದನ್ನು ಅವರಿಗೇ ಓದಿ ಹೇಳಿ ತಿದ್ದಿಸಿಕೊಳ್ಳುವುದಾದರೆ, ಅದು ಯಾವ ಪ್ರಬಂಧಸ್ಪರ್ಧೆಗಿಂತಲೂ ಉತ್ತಮವಾದ ಭಾಷಾಭ್ಯಾಸವಾದೀತು.

ಕನ್ನಡದಲ್ಲಿ ಬರೆಯುವಾಗ ಯೂನಿಕೋಡನ್ನೇ ಬಳಸಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪುಟವು ನಮಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥಹೀನವಾದ ಚಿಹ್ನೆಗಳ ರಾಶಿಯಾಗಿಯೇ ಉಳಿಯುತ್ತದೆ. ಅಂಗಡಿಯನ್ನು ಗೂಗಲ್ ಮ್ಯಾಪಿನಲ್ಲಿಯೂ ನೋಂದಾಯಿಸಬೇಕು; ಅದಕ್ಕೆ ಹಣವೇನೂ ಬೇಡ. ಇನ್ನು, ಪ್ರವಾಸೋದ್ಯಮ ಮತ್ತು ಕರಕುಶಲ ಇಲಾಖೆಗಳೂ ವಿಶ್ವವಿದ್ಯಾಲಯಗಳೂ ತಮ್ಮ ತಾಣಗಳಲ್ಲಿ ಬಿದರಿಯನ್ನು ಕೊಂಡಾಡುವಷ್ಟಕ್ಕೆ ನಿಲ್ಲದೆ, ಈ ಕುಟುಂಬಗಳ ಪುಟಗಳಿಗೆ ಕೊಂಡಿಯನ್ನು ಕೊಡಬೇಕು. ಬರಿಯ ಹೊಗಳಿಕೆಗಿಂತ ಅಂತಹ ಒಂದು ಕೊಂಡಿಯಿಂದ ಆಗುವ ಉಪಕಾರ ಹೆಚ್ಚು.

ಗೂಗಲ್ ಹುಡುಕಾಟದಲ್ಲಿ ಮೊದಲ ಸ್ಥಾನವನ್ನು ಕೊಡಿಸುತ್ತೇವೆಂದು ಹಣ ಕೇಳಿಕೊಂಡು ಬರುವವರ ವಿಷಯದಲ್ಲಿ ಎಚ್ಚರವಿರಲಿ. ಅಂತಹ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಹೇಳಿದೆ. ತಾಣದ ವಿಳಾಸವನ್ನು ಮಾಡಿಕೊಟ್ಟವರ ಹೆಸರಿನಲ್ಲಿ ಬಿಡದೆ ಕುಶಲಕರ್ಮಿಯ ಹೆಸರಿನಲ್ಲಿಯೇ ನೋಂದಾಯಿಸಿ, ಪಾಸ್‌ವರ್ಡನ್ನು ಆ ಮನೆಯವರ ಕೈಗೇ ಒಪ್ಪಿಸಿ, ವರ್ಷದ ಶುಲ್ಕವನ್ನು ಕಟ್ಟತಕ್ಕ ದಿನವನ್ನು ಅವರ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು ಬರುವ ಹೊಣೆಯೂ ನೆರವಾಗಲು ಹೋದ ವಿದ್ಯಾರ್ಥಿಗಳದೇ.