ಮರೆತದ್ದು ನೋವನ್ನು, ಅವಮಾನವನ್ನಲ್ಲ

ಹೆರಿಗೆಯಾದ ಹೆಣ್ಣಿಗೆ ನಮ್ಮ ಸಮಾಜ ಹೇಳುತ್ತಾ ಬಂದಿರುವ ಸಮಾಧಾನದ ಮಾತೊಂದಿದೆ: "ಮಗುವಿನ ಮುಖ ನೋಡಿದ ಮೇಲೆ ಎಲ್ಲವೂ ಮರೆತುಹೋಗುತ್ತದೆ." ನನ್ನ ತಾಯಿ ಅದನ್ನು ನನಗೆ ಹೇಳಿದ್ದರು, ನಾನು ನನ್ನ ಮಗಳಿಗೆ ಹೇಳಿದೆ. ತೊಟ್ಟಿಲಲ್ಲಿದ್ದ ಕೂಸನ್ನು ನೋಡುತ್ತಲೇ ಅವಳು, "ನೋವು ಮರೆತಿದೆ ಅಮ್ಮಾ, ಆ ಮಾತುಗಳು ಮರೆತಿಲ್ಲ" ಎಂದಳು. ಅಂದಿನಿಂದ ನಾನು ಆ ಮಾತನ್ನು ಯಾವ ಬಾಣಂತಿಗೂ ಹೇಳಿಲ್ಲ. ಅದು ಸಮಾಧಾನವಲ್ಲ, ಬಾಯಿ ಮುಚ್ಚಿಸುವ ಉಪಾಯವೆಂಬುದು ನನಗೆ ಮನದಟ್ಟಾಗಿದೆ.

ಅದು 2019ರ ಮಳೆಗಾಲ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳಿಗೆ ನಡುರಾತ್ರಿಯಲ್ಲಿ ನೋವು ಕಾಣಿಸಿಕೊಂಡಿತು. ತಾಯಿ ಕಾರ್ಡು, ಹಳೆಯ ಸೀರೆಯ ತುಂಡುಗಳು, ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು. ಹೆರಿಗೆ ಕೋಣೆಯ ಬಾಗಿಲಲ್ಲಿ ಅವಳ ಕೈಯನ್ನು ನನ್ನ ಕೈಯಿಂದ ಬಿಡಿಸಿ, "ಹೊರಗಿನವರು ಹೊರಗೇ ಇರಬೇಕು" ಎಂದರು. ಹೆತ್ತ ತಾಯಿ ಆ ಹೊತ್ತಿಗೆ ಹೊರಗಿನವಳಾದಳು. ಒಂಬತ್ತು ಗಂಟೆಗಳ ಕಾಲ ನಾನು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದೆ.

ಒಳಗೆ ಮೂರು ಮಂಚಗಳು. ನಡುವೆ ಒಂದು ಪರದೆಯೂ ಇರಲಿಲ್ಲ. ನೋವು ತಾಳಲಾರದೆ ಕೂಗಿದವಳಿಗೆ, "ಗಂಡನ ಹತ್ತಿರ ಹೋಗುವಾಗ ಈ ಕೂಗು ಎಲ್ಲಿತ್ತು?" ಎಂದು ಕೇಳಿದ ದನಿ ಬಾಗಿಲಾಚೆಯಿಂದ ನನ್ನ ಕಿವಿಗೂ ಬಿತ್ತು. ತೊಡೆಯ ಮೇಲೆ ಬಿದ್ದ ಏಟು, ಒಬ್ಬಾಕೆ ಸ್ಟೂಲಿನ ಮೇಲೆ ನಿಂತು ಹೊಟ್ಟೆಯನ್ನು ಒತ್ತಿದ್ದು, ಅರಿವಳಿಕೆಯ ಚುಚ್ಚುಮದ್ದು ಹಿಡಿಯುವ ಮುನ್ನವೇ ಹೊಲಿಗೆ ಹಾಕಿದ್ದು, ಇವೆಲ್ಲ ಆಮೇಲೆ ಒಂದೊಂದಾಗಿ ತಿಳಿದವು. ಸುದ್ದಿ ತಂದ ಆಯಾ "ಗಂಡು ಮಗು" ಎಂದು ಕೈಚಾಚಿದಳು. ಹೆಣ್ಣಾಗಿದ್ದರೆ ದರ ಬೇರೆ. ನಾನು ಹಣ ಕೊಟ್ಟೆ. ಒಳಗಿದ್ದವರಿಗೆಲ್ಲ ಕೈಮುಗಿದೆ. ತಾಯಿ ಮಗು ಕ್ಷೇಮವಾಗಿದ್ದರಲ್ಲ!

ಈ ಪ್ರಸಂಗವನ್ನು ಹೇಳಿದಾಗಲೆಲ್ಲ ನನಗೆ ಸಿಗುವ ಉತ್ತರಗಳು ಮೂರು. ಮೊದಲನೆಯದು, "ಜೀವ ಉಳಿಯಿತಲ್ಲ, ಇನ್ನೇನು ಬೇಕು?" ಎಂಬುದು. ಈ ಮಾತಿಗೆ ತೂಕವಿದೆಯೆಂಬುದನ್ನು ನಾನು ಒಪ್ಪುತ್ತೇನೆ. 2004–06ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಇದರಲ್ಲಿ ಆಸ್ಪತ್ರೆಗಳ ಪಾತ್ರ ದೊಡ್ಡದು. ಆದ್ದರಿಂದ ಕತ್ತಲ ಕೋಣೆಯ ಹಳೆಯ ಹೆರಿಗೆಗೆ ಮರಳೋಣವೆಂದು ನಾನು ಹೇಳುತ್ತಿಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿದ್ದವು. ಹೆಚ್ಚುಕಡಿಮೆ ಎಲ್ಲ ಹೆಣ್ಣುಮಕ್ಕಳೂ ಹಾದುಹೋಗಲೇಬೇಕಾದ ಬಾಗಿಲು ಇದೊಂದೇ ಆಗಿರುವಾಗ, ಆ ಬಾಗಿಲ ಒಳಗೆ ಅವರನ್ನು ಹೇಗೆ ಕಾಣಲಾಗುತ್ತದೆ ಎಂಬುದು ಯಾರೋ ಒಬ್ಬಳ ಅಳಲಾಗಿ ಉಳಿಯುವುದಿಲ್ಲ. ಜೀವ ಮತ್ತು ಮರ್ಯಾದೆ ಒಂದನ್ನು ತೆತ್ತು ಇನ್ನೊಂದನ್ನು ಪಡೆಯಬೇಕಾದ ವಸ್ತುಗಳೇ?

ಎರಡನೆಯ ಉತ್ತರ, "ಗದರದಿದ್ದರೆ ಅವರು ತಿಣುಕುವುದಿಲ್ಲ, ಎಲ್ಲವೂ ಮಗುವಿನ ಒಳಿತಿಗಾಗಿಯೇ" ಎಂಬುದು. ವೈದ್ಯಶಾಸ್ತ್ರವೇ ಇದನ್ನು ಒಪ್ಪುವುದಿಲ್ಲ. ಹೆರಿಗೆಯನ್ನು ಬೇಗ ಮುಗಿಸಲು ಹೊಟ್ಟೆಯನ್ನು ಒತ್ತಬಾರದು, ವಾಡಿಕೆಯೆಂಬಂತೆ ಎಲ್ಲರಿಗೂ ಕೊಯ್ತ ಹಾಕಬಾರದು, ಗರ್ಭಿಣಿಗೆ ಬೇಕಾದವರೊಬ್ಬರು ಜೊತೆಯಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಪದ್ಮಶ್ರೀ ಪಡೆದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಓದುಬರಹ ಇರಲಿಲ್ಲ. ಸಾವಿರಾರು ಹೆರಿಗೆಗಳನ್ನು ಅವರು ಹಣ ಮುಟ್ಟದೆ ಮಾಡಿಸಿದರು. ಓದಿದವರ, ಸಂಬಳ ಪಡೆಯುವವರ ಕೋಣೆಯಲ್ಲಿ ಬೈಗುಳವೂ ಕೈಚಾಚುವಿಕೆಯೂ ಬಂದದ್ದು ಯಾವ ಶಾಸ್ತ್ರದಿಂದ?

ಮೂರನೆಯದು ಸಿಬ್ಬಂದಿಯ ಕೊರತೆ. ಇದು ನಿಜ. ಇಡೀ ರಾತ್ರಿ ಒಬ್ಬಳೇ ದಾದಿ ಹಲವು ಗರ್ಭಿಣಿಯರನ್ನು ನೋಡಿಕೊಳ್ಳುವ ಕಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕೊರತೆಗೆ ಸರ್ಕಾರ ಉತ್ತರಿಸಬೇಕು. ಆದರೆ ಹೊಡೆಯದಿರಲು ಹೊಸ ಹುದ್ದೆ ಮಂಜೂರಾಗಬೇಕಿಲ್ಲ; ಹಂಗಿಸದಿರಲು ಅನುದಾನ ಬೇಕಿಲ್ಲ. ಅದೇ ದಣಿದ ದನಿ ಸ್ಥಿತಿವಂತರ ಮನೆಯ ಸೊಸೆಯ ಮುಂದೆ ಮೃದುವಾಗುವುದನ್ನೂ ನಾನು ಕೇಳಿದ್ದೇನೆ. ಹಾಗೆಂದು ದುಡ್ಡು ಕೊಟ್ಟು ಹೋಗುವ ಖಾಸಗಿ ಆಸ್ಪತ್ರೆಯಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಅದೇ ಸಮೀಕ್ಷೆಯಂತೆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3 ಹೆರಿಗೆಗಳು ಸಿಸೇರಿಯನ್ ಆಗಿದ್ದರೆ, ಖಾಸಗಿ ಆಸ್ಪತ್ರೆಗಳಲ್ಲಿ 47.4. ಅವುಗಳಲ್ಲಿ ಅಗತ್ಯವಿದ್ದವೂ ಇವೆ. ಆದರೂ ಇಷ್ಟು ದೊಡ್ಡ ಅಂತರ ಬರಿಯ ಅಗತ್ಯದಿಂದಲೇ ಬಂದಿತೆಂದು ನಂಬುವುದು ಕಷ್ಟ. ಒಂದೆಡೆ ಬೈಗುಳ, ಇನ್ನೊಂದೆಡೆ ಬಿಲ್ಲು. ಹೆರುವವಳ ಮಾತನ್ನು ಕೇಳುವವರು ಎರಡೂ ಕಡೆ ವಿರಳ.

ಅವಮಾನದ ಬೆಲೆ ಕಣ್ಣೀರಿನಲ್ಲಿ ಮುಗಿಯುವುದಿಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ, ತಾಯಿ ಕಾರ್ಡು ಮತ್ತು ಆಧಾರ್ ಇಲ್ಲವೆಂದು ಆಸ್ಪತ್ರೆಯಿಂದ ವಾಪಸು ಬಂದ ಬಡ ಹೆಣ್ಣುಮಗಳೊಬ್ಬಳು ಮನೆಯಲ್ಲೇ ಹೆರಿಗೆಯಾಗಿ, ಅವಳಿ ಶಿಶುಗಳೊಂದಿಗೆ ಪ್ರಾಣಬಿಟ್ಟಳೆಂದು ವರದಿಯಾಯಿತು. ನಾಡು ಒಂದು ವಾರ ಮರುಗಿತು. ಆದರೆ ಬಾಗಿಲಿಂದ ಹಿಂದಕ್ಕೆ ಕಳುಹಿಸುವುದಕ್ಕೂ, ಬಾಗಿಲ ಹತ್ತಿರ ಬರಲೇ ಹೆದರುವಂತೆ ಮಾಡುವುದಕ್ಕೂ ಅಂತರವೆಷ್ಟು? ನನ್ನ ಮಗಳು ಈಗ ಎರಡನೆಯ ಬಾರಿ ಗರ್ಭಿಣಿ. ಪದವಿ ಓದಿದವಳು, ತಿಳಿವಳಿಕೆಯುಳ್ಳವಳು. ಅವಳೇ, "ಈ ಸಲ ಮನೆಯಲ್ಲೇ ಆಗಲಿ ಅಮ್ಮಾ" ಎನ್ನುತ್ತಾಳೆ. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಯಮಗಳಿಲ್ಲವೇ? ಇವೆ. ಗೌರವಯುತ ಆರೈಕೆ ಪ್ರತಿ ಗರ್ಭಿಣಿಯ ಹಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಸಾರಿತು. ಸ್ವತಃ ಹೆರಿಗೆಯ ಅನುಭವವಿರುವ ಸ್ತ್ರೀಯೊಬ್ಬಳು ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗಿರಬಹುದೆಂದು ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ಅನುಮತಿ ನೀಡಿತು. ಹೆರಿಗೆ ಕೋಣೆಗಳ ಸುಧಾರಣೆಗೆಂದೇ 2017ರ ಡಿಸೆಂಬರಿನಲ್ಲಿ 'ಲಕ್ಷ್ಯ' ಯೋಜನೆ ಆರಂಭವಾಯಿತು. ನಾನು ಬೆಂಚಿನ ಮೇಲೆ ಕುಳಿತಿದ್ದ ರಾತ್ರಿಗೆ, ನಾನು ಒಳಗಿರಬಹುದೆಂಬ ಅನುಮತಿಗೆ ಮೂರು ವರ್ಷ ತುಂಬಿತ್ತು. ಅದನ್ನು ನನಗೆ ಯಾರೂ ಹೇಳಲಿಲ್ಲ. ಕೇಳಬೇಕೆಂಬುದು ನನಗೂ ತಿಳಿದಿರಲಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಮಂಚಗಳ ನಡುವೆ ಪರದೆ ಇರಲಿ. ಮುಟ್ಟಿ ಪರೀಕ್ಷಿಸುವ ಮುನ್ನ ಒಂದು ಮಾತು ಹೇಳಲಿ. ಜೊತೆಗಾತಿಗೆ ಪ್ರವೇಶವಿದೆಯೆಂದು ಹೆರಿಗೆ ಕೋಣೆಯ ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಲಿ. ಕೈಮಾಡಿದವರನ್ನು ಪ್ರಶ್ನಿಸಲು ಒಂದು ದಾರಿಯಿರಲಿ. ನಮ್ಮ ಎಷ್ಟೋ ಮನೆಗಳ ಹೆಣ್ಣುಮಕ್ಕಳು ದಾದಿಯರಾಗಿದ್ದಾರೆ. ಎಷ್ಟೋ ಆಸ್ಪತ್ರೆಗಳನ್ನು, ಶುಶ್ರೂಷಾ ಶಾಲೆಗಳನ್ನು ನಮ್ಮವರೇ ನಡೆಸುತ್ತಾರೆ. ಮೊದಲು ಅಲ್ಲಿ ವಿಚಾರಿಸೋಣ. ನಮ್ಮ ಮನೆಯ ದಾದಿಯ ದಣಿವನ್ನು ಕೇಳೋಣ. ಅವಳ ನಾಲಿಗೆಯ ಬಗ್ಗೆಯೂ ಕೇಳೋಣ.

ಮಗಳಿಗೆ ದಿನ ತುಂಬುತ್ತಿದೆ. ಅವಳನ್ನು ಆಸ್ಪತ್ರೆಗೇ ಕರೆದೊಯ್ಯುತ್ತೇನೆ, ಮನೆಯಲ್ಲಿ ಬಿಡಲಾರೆ. 2016ರ ಆ ಅನುಮತಿಯ ಪ್ರತಿಯೊಂದನ್ನು ತಾಯಿ ಕಾರ್ಡಿನೊಳಗೆ ಮಡಚಿಟ್ಟಿದ್ದೇನೆ. ಈ ಸಲ ನಾನು ಬೆಂಚಿನ ಮೇಲೆ ಕೂರುವುದಿಲ್ಲ.