ಗುಣವಾದ ಮೇಲೆಯೇ ಎಚ್ಚರ ಬೇಕು

ಮುರಿದ ಮೂಳೆ ಕೂಡಿ ಪಟ್ಟಿ ಬಿಚ್ಚಿದ ಮರುದಿನವೇ ರೋಗಿಯ ತಲೆಯ ಮೇಲೆ ಹೊರೆ ಹೊರಿಸುವ ಮನೆಯವರಿಲ್ಲ. ಆದರೆ ಮನಸ್ಸಿನ ಖಿನ್ನತೆಯಿಂದ ಚೇತರಿಸಿಕೊಂಡವರ ವಿಷಯದಲ್ಲಿ ನಮ್ಮ ನಡವಳಿಕೆಯೇ ಬೇರೆ. ಅವರ ಮುಖದಲ್ಲಿ ನಗೆ ಮೂಡಿದೊಡನೆ, "ಇನ್ನೂ ಈ ಮಾತ್ರೆ ಏಕೆ?" ಎಂಬ ಪ್ರಶ್ನೆ ಮನೆಯಲ್ಲಿ ಏಳುತ್ತದೆ. ಅಪಾಯ ಆರಂಭವಾಗುವುದು ಅಲ್ಲಿಯೇ.

ಒಮ್ಮೆ ಖಿನ್ನತೆಗೆ ಒಳಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಮತ್ತೊಮ್ಮೆ ಬರುತ್ತದೆ. ಎರಡನೆಯ ಬಾರಿ ಬಂದರೆ ಮೂರನೆಯ ಬಾರಿ ಬರುವ ಸಂಭವ ಇನ್ನೂ ಹೆಚ್ಚು. ಆದುದರಿಂದಲೇ, ಔಷಧದಿಂದ ಗುಣ ಹೊಂದಿದವರು ಚೇತರಿಸಿಕೊಂಡ ನಂತರವೂ ಹಲವು ತಿಂಗಳು ಅದನ್ನು ನಿಲ್ಲಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಮುಂದೆ ನಿಲ್ಲಿಸುವಾಗಲೂ ವೈದ್ಯರ ಸಲಹೆಯಂತೆ ಹಂತ ಹಂತವಾಗಿ ನಿಲ್ಲಿಸಬೇಕು.

ಔಷಧವೊಂದೇ ಮಾರ್ಗವೆಂದು ತಿಳಿಯಬೇಕಾಗಿಲ್ಲ. ಟೀಸ್‌ಡೇಲ್, ವಿಲಿಯಮ್ಸ್ ಮತ್ತು ಸೀಗಲ್ ಎಂಬ ಮನೋವಿಜ್ಞಾನಿಗಳು, ಮನಸ್ಸಿಗೆ ಬರುವ ನಿರಾಶೆಯ ಯೋಚನೆಗಳನ್ನು ಸತ್ಯವೆಂದು ನಂಬದೆ ಸಾಕ್ಷಿಯಂತೆ ಗಮನಿಸುವುದನ್ನು ಕಲಿಸುವ 8 ವಾರಗಳ ತರಬೇತಿಯೊಂದನ್ನು ರೂಪಿಸಿದರು. ಮೂರು ಅಥವಾ ಅದಕ್ಕಿಂತ ಹೆಚ್ಚು ಬಾರಿ ಖಿನ್ನತೆ ಅನುಭವಿಸಿದವರಲ್ಲಿ ಈ ತರಬೇತಿಯು ರೋಗದ ಮರುಕಳಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸಿದುದು 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಂಡುಬಂತು.

ಇಷ್ಟಾದರೂ ನಮ್ಮಲ್ಲಿ ಕೆಲವರು, ಖಿನ್ನತೆ ಎಂದರೆ ವಿಶ್ವಾಸದ ಕೊರತೆ, ಜಪಸರ ಹೇಳಿದರೆ ಸಾಕು ಎನ್ನುತ್ತಾರೆ. ಪ್ರವಾದಿ ಎಲೀಯನು ಮರುಭೂಮಿಯಲ್ಲಿ ಗಿಡವೊಂದರ ಅಡಿ ಕುಳಿತು ಸಾವನ್ನು ಬೇಡಿದಾಗ ದೇವದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟು, ನಿದ್ರಿಸಲು ಬಿಟ್ಟು, ಮತ್ತೊಮ್ಮೆ ಎಬ್ಬಿಸಿ ಉಣಿಸಿದನು. ಪ್ರಾರ್ಥನೆ ರೋಗಿಗೆ ಬಲ ನೀಡಲಿ. ಆದರೆ ಅದು ಅವರ ಮೇಲೆ ಹೊರಿಸುವ ಆರೋಪವಾಗದಿರಲಿ.

ರೋಗ ಬರುವ ಮೊದಲೇ ನಾವು ಮಾಡಬಹುದಾದುದೂ ಇದೆ. ಸಾವಿನ ಮನೆಗೆ ತಿಂಗಳ ಪೂಜೆಯವರೆಗೆ ಜನ ಬರುತ್ತಾರೆ. ಆನಂತರ ಆ ವಿಧವೆಯ ಬಾಗಿಲು ತಟ್ಟುವವರು ವಿರಳ. ಕೊಲ್ಲಿ ರಾಷ್ಟ್ರದಲ್ಲಿರುವ ಮಕ್ಕಳ ದಾರಿ ಕಾಯುವ ವೃದ್ಧರು, ಹೆರಿಗೆಯಾದ ತಾಯಂದಿರು, ಕೆಲಸ ಕಳೆದುಕೊಂಡವರು: ಇವರನ್ನು ವಾರಕ್ಕೊಮ್ಮೆ ಭೇಟಿಯಾಗಿ ಮಾತನಾಡಿಸುವ ಹೊಣೆಯನ್ನು ಪ್ರತಿ ವಾಳೆಯೂ ಹೊರಲಿ.

ಒಮ್ಮೆ ರೋಗ ಬಂದು ಹೋದ ಮನೆಯವರು ಇನ್ನೊಂದು ಕೆಲಸ ಮಾಡಬೇಕು. ಕಳೆದ ಬಾರಿ ಮೊದಲು ಕಂಡ ಲಕ್ಷಣ ಯಾವುದೆಂದು ರೋಗಿಯೊಡನೆಯೇ ಕುಳಿತು ಬರೆದಿಡಬೇಕು. ಕೆಲವರಿಗೆ ಮುಂಜಾವದಲ್ಲಿ ನಿದ್ರೆ ಕೆಡುತ್ತದೆ, ಕೆಲವರಿಗೆ ಊಟ ರುಚಿಸದು, ಕೆಲವರು ಗಾಯನವೃಂದಕ್ಕೆ ಬರುವುದನ್ನೇ ಬಿಡುತ್ತಾರೆ. ಆ ಲಕ್ಷಣ ಮತ್ತೆ ಕಂಡೊಡನೆ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ತಡಮಾಡಬಾರದು. ಅವರನ್ನು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು; ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟದ ಮೇಜಿನ ಮೇಲೆಯೇ ಇಟ್ಟುಕೊಳ್ಳುವ ನಾವು, ಈ ಮಾತ್ರೆಯನ್ನು ಮಾತ್ರ ನೆಂಟರು ಬಂದಾಗ ಕಪಾಟಿನಲ್ಲಿ ಬಚ್ಚಿಡುತ್ತೇವೆ. ಬಚ್ಚಿಟ್ಟ ಮಾತ್ರೆ ಬೇಗನೆ ಮರೆತುಹೋಗುತ್ತದೆ. ಅದನ್ನು ಹೊರಗಿಡುವ ಧೈರ್ಯ ನಮ್ಮ ಕುಟುಂಬಗಳಿಗೆ ಬರಲಿ.