ಫ್ಯಾಮಿಲಿ ಅಂದ್ರೆ ಯಾರ ಫ್ಯಾಮಿಲಿ?

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ದಟ್ಟಗಳ್ಳಿ ಕಡೆ ಈಗ ರಜೆ ಅಂದ್ರೆ ಊಟಿ, ಕೊಡೈಕೆನಾಲ್ ಅಲ್ಲ. ಕ್ರೂಸ್. ಮುಂಬೈಲಿ ಹಡಗು ಹತ್ತೋದು, ಗೋವಾನೋ ಲಕ್ಷದ್ವೀಪನೋ ನೋಡ್ಕೊಂಡು ವಾಪಸ್ ಬರೋದು. ರೂಮು, ಊಟ, ಆಟ ಎಲ್ಲಾ ಹಡಗಿನಲ್ಲೇ. ಆಫೀಸಿನ ಐದಾರು ಮನೆಯವರು ಸೇರಿ ಹೋಗೋಣ ಅಂತ ಮಾತಾಯ್ತು. ಒಬ್ಬ ಟ್ರಾವೆಲ್ ಏಜೆಂಟರು ವಾಟ್ಸಾಪಿಗೆ ಪಾಂಪ್ಲೆಟ್ ಕಳಿಸಿದರು. ಅದರ ತಳದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು. ಒಂದು, ಎರಡನೇ ರಾತ್ರಿಯ ಊಟಕ್ಕೆ ಫಾರ್ಮಲ್ ಡ್ರೆಸ್ ಕಡ್ಡಾಯ. ಪಂಚೆ, ಲುಂಗಿ, ಚಡ್ಡಿ, ಹವಾಯಿ ಚಪ್ಪಲಿ ಹಾಕಿ ಬಂದವರಿಗೆ ಡೈನಿಂಗ್ ಹಾಲ್‌ಗೆ ಪ್ರವೇಶ ಇಲ್ಲ. ಎರಡು, ಪ್ಯೂರ್ ವೆಜ್ ಫ್ಯಾಮಿಲಿಗಳಿಗೆ ಕೂರಲು ಪ್ರತ್ಯೇಕ ಜಾಗ.

ಇದನ್ನ ನಮ್ಮ ಸಂಘಟನೆಯ ಗ್ರೂಪಿಗೆ ಹಾಕಿದೆ. ಎರಡು ಥರದ ಉತ್ತರ ಬಂತು. ಹುಡುಗರು, "ಅಕ್ಕಾ, ಕೋಟು ಟೈ ಹಾಕು ಅನ್ನೋದೇ ಗುಲಾಮಗಿರಿ, ಬಹಿಷ್ಕಾರ ಹಾಕಿ" ಅಂದರು. ಹಿರಿಯರೊಬ್ಬರು, "ಕೂಲಿ ಮಾಡಿದವರ ಮಕ್ಕಳಿಗೆ ಹಡಗಿನ ಶೋಕಿ ಯಾಕಮ್ಮಾ" ಅಂದರು. ಇಬ್ಬರ ಮಾತನ್ನೂ ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲು ಹಿರಿಯರ ಮಾತು. ನಮ್ಮ ಜನ ರಜೆ ಮಾಡಬಾರದು, ಸಮುದ್ರ ನೋಡಬಾರದು, ಬರೀ ಧರಣಿ ಕೂರಬೇಕು ಅಂತ ಯಾವ ಸಂವಿಧಾನದಲ್ಲಿದೆ? ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದು ಹಡಗಿನಲ್ಲೇ. 1930ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದೂ ಹಡಗಿನಲ್ಲೇ. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತ ಹೆದರಿದವರು ನಾವಲ್ಲ. ಆ ಹೆದರಿಕೆಯ ಬೇರು ಎಲ್ಲಿತ್ತು ಗೊತ್ತಾ? ಉಪ್ಪುನೀರಿಗಿಂತ ಹೆಚ್ಚಾಗಿ ಊಟದ ತಟ್ಟೆಯಲ್ಲಿತ್ತು. ಹಡಗಿನಲ್ಲಿ ಯಾರು ಅಡಿಗೆ ಮಾಡ್ತಾರೋ, ಯಾರು ಮುಟ್ಟಿದ ನೀರೋ, ಪಕ್ಕದಲ್ಲಿ ಯಾರು ಕೂತಿರ್ತಾರೋ ಅನ್ನೋದೇ ಅವರ ಸಂಕಟ. ಜೈಪುರದ ಮಹಾರಾಜ ಎರಡನೇ ಮಾಧೋಸಿಂಗ್ 1902ರಲ್ಲಿ ಇಂಗ್ಲೆಂಡಿನ ದೊರೆಯ ಪಟ್ಟಾಭಿಷೇಕಕ್ಕೆ ಹೊರಟಾಗ, ಆಳೆತ್ತರದ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದರು. ಆ ಹಂಡೆಗಳು ಇವತ್ತೂ ಜೈಪುರದ ಅರಮನೆಯಲ್ಲಿವೆ, ಪ್ರವಾಸಿಗರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ತಾರೆ. ಅಂದರೆ ಹಡಗಿನ ಊಟದ ಮನೆಗೆ ಜಾತಿ ಇವತ್ತು ಹತ್ತಿದ್ದಲ್ಲ. ನೂರು ವರ್ಷದ ಹಿಂದೆಯೇ ಬೆಳ್ಳಿ ಹಂಡೆ ಸಮೇತ ಹತ್ತಿದೆ. ಅದಕ್ಕೇ ನಾವು ಹೋಗಬೇಕು. ಸಾಲ ಮಾಡಿ ಹೋಗಿ ಅಂತಲ್ಲ. ದುಡಿದ ದುಡ್ಡು ಇದ್ದರೆ ತಲೆ ಎತ್ತಿಕೊಂಡು ಹೋಗಿ.

ಈಗ ಹುಡುಗರ ಮಾತು, ಬಟ್ಟೆ ವಿಷಯ.

ತಮ್ಮಂದಿರಾ, ಒಂದು ನಿಮಿಷ ಯೋಚನೆ ಮಾಡಿ. ನಮ್ಮ ಪ್ರತಿ ಕೇರಿಯ ಬಾಗಿಲಲ್ಲಿ ನಿಂತಿರೋ ಬಾಬಾಸಾಹೇಬರ ಮೈಮೇಲೆ ಏನಿದೆ? ನೀಲಿ ಸೂಟು, ಕೆಂಪು ಟೈ. ಅದನ್ನ ಗುಲಾಮಗಿರಿ ಅನ್ನೋಕೆ ಯಾರಿಗಾದರೂ ನಾಲಿಗೆ ಬರುತ್ತಾ? 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಅವರು ನಮ್ಮ ಹೆಂಗಸರಿಗೆ ಹೇಳಿದ್ದೂ ಬಟ್ಟೆ ವಿಷಯವನ್ನೇ. ಸೀರೆಯನ್ನ ಮೇಲ್ಜಾತಿಯವರು ಉಡೋ ಹಾಗೆ ಉಡಿ, ಜಾತಿ ಗುರುತು ಹೇಳೋ ಭಾರದ ಬಳೆ ಸರ ಕಿತ್ತಾಕಿ ಅಂದರು. ಬಟ್ಟೆ ಅವರಿಗೆ ಶೋಕಿ ಆಗಿರಲಿಲ್ಲ, ರಾಜಕೀಯ ಆಗಿತ್ತು.

ನಮ್ಮ ತಾತಂದಿರ ಕಾಲದ ಡ್ರೆಸ್ ಕೋಡ್ ಏನಿತ್ತು ಅಂತ ನೆನಪು ಮಾಡ್ಕೊಳ್ಳಿ. ಮೇಲ್ಕೇರಿಗೆ ಹೋದರೆ ಚಪ್ಪಲಿ ಕೈಗೆ ತಗೋಬೇಕು. ಹೆಗಲ ಮೇಲಿನ ಟವೆಲ್ ಕಂಕುಳಿಗೆ ಬರಬೇಕು. ಮದುವೆಗೂ ಗರಿಗರಿ ಬಟ್ಟೆ ಹಾಕಿದರೆ "ಏನ್ಲಾ, ಕೊಬ್ಬಾ?" ಅನ್ನೋ ಮಾತು. ಆ ಕೋಡ್ ಪೂರ್ತಿ "ಹಾಕ್ಕೋಬೇಡ" ಅನ್ನೋದೇ. ಅದು ಹಳೇ ಕಥೆ ಅನ್ನಬೇಡಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿದಾಗ, ಸಾರ್ವಜನಿಕ ಜಾಗದಲ್ಲಿ ದಲಿತರು ಚಪ್ಪಲಿ ಹಾಕೋದನ್ನ, ಹೊಸ ಬಟ್ಟೆ ತೊಡೋದನ್ನ ತಡೆದರೆ ಅಪರಾಧ ಅಂತ ಪ್ರತ್ಯೇಕವಾಗಿ ಬರೆಯಬೇಕಾಯ್ತು. ನಡೀತಾ ಇಲ್ಲದ ಅಪರಾಧಕ್ಕೆ ಯಾರೂ ಹೊಸದಾಗಿ ಕಾನೂನು ಬರೆಯಲ್ಲ.

ಹಂಗಾಗಿ ಒಂದು ರಾತ್ರಿ ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬನ್ನಿ ಅನ್ನೋದು ನನಗೆ ಅವಮಾನ ಅನ್ನಿಸಲ್ಲ. ನಮ್ಮೆಜಮಾನ್ರು ಕೋಟು ಹಾಕ್ಕೊಳ್ಳಲಿ, ನಾನು ಮೈಸೂರು ಸಿಲ್ಕ್ ಉಡ್ತೀನಿ. ನನ್ನ ತಕರಾರು ಇರೋದು ಬೇರೆ ಕಡೆ: ಪಂಚೆ ಯಾಕೆ ಚಡ್ಡಿ, ಹವಾಯಿ ಚಪ್ಪಲಿ ಸಾಲಿಗೆ ಬಂತು? ಇಂಗ್ಲೆಂಡಿನ ಕುನಾರ್ಡ್ ಕಂಪನಿಯ ಹಡಗುಗಳು ಡ್ರೆಸ್ ವಿಷಯದಲ್ಲಿ ಹಳೇ ಕಾಲದ ಶಿಸ್ತಿಗೆ ಹೆಸರುವಾಸಿ. ಗಾಲಾ ರಾತ್ರಿ ಅಂತ ಮಾಡ್ತಾರೆ, ಗಂಡಸರಿಗೆ ಡಿನ್ನರ್ ಜಾಕೆಟ್ಟೋ ಗಾಢ ಬಣ್ಣದ ಸೂಟೋ ಬೇಕು. ಅವರೇ ಆಯಾ ದೇಶದ ಸಾಂಪ್ರದಾಯಿಕ ಉಡುಗೆಯನ್ನೂ ಒಪ್ಪಿಕೊಳ್ತಾರೆ. ಇಲ್ಲಿ ಮೈಸೂರಿನ ಏಜೆಂಟರಿಗೆ ಪಂಚೆ ಅಸಹ್ಯ!

ಇದು ಹಡಗಿನಲ್ಲಿ ಹುಟ್ಟಿದ ರೋಗ ಅಲ್ಲ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳಕು ಅಂತ ಒಬ್ಬ ರೈತನನ್ನ ತಡೆದರು. ಟಿಕೆಟ್ ಕೈಯಲ್ಲಿತ್ತು. ಗಲಾಟೆ ಆದ ಮೇಲೆ ಸೆಕ್ಯುರಿಟಿ ಮೇಲ್ವಿಚಾರಕನನ್ನ ಕೆಲಸದಿಂದ ತೆಗೆದರು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡೋಕೆ ಬಂದ ಹಾವೇರಿ ಕಡೆಯ ಹಿರಿಯರನ್ನ ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ಸರ್ಕಾರ 7 ದಿನ ಮಾಲ್ ಮುಚ್ಚಿಸಿತು. ತಮಿಳುನಾಡಿನಲ್ಲಿ ಇದು ಹತ್ತು ವರ್ಷ ಮೊದಲೇ ನಡೆದಿತ್ತು. 2014ರಲ್ಲಿ ಚೆನ್ನೈನ ಒಂದು ಕ್ಲಬ್ಬು ವೇಷ್ಟಿ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಬಾಗಿಲಲ್ಲಿ ನಿಲ್ಲಿಸಿತು. ಆ ಸರ್ಕಾರ ಅದೇ ವರ್ಷ ಕಾನೂನು ಮಾಡಿ, ವೇಷ್ಟಿ ಉಟ್ಟವರನ್ನ ಸಾರ್ವಜನಿಕ ಜಾಗದಿಂದ ತಡೆಯಂಗಿಲ್ಲ ಅಂದಿತು. ನಮ್ಮಲ್ಲಿ ಒಂದು ವಾರ ಬೀಗ ಹಾಕಿ ಸುಮ್ಮನಾದರು. ಅಲ್ಲಿ ನ್ಯಾಯಮೂರ್ತಿಗೆ ಆದ ಅವಮಾನ ಕಾನೂನಾಯ್ತು, ಇಲ್ಲಿ ರೈತನಿಗೆ ಆದ ಅವಮಾನ ಸುದ್ದಿಯಾಯ್ತು. ಅಷ್ಟೇ ವ್ಯತ್ಯಾಸ.

ಬಟ್ಟೆ ವಿಷಯ ಇಷ್ಟು ಸಾಕು. ಬಟ್ಟೆ ಬದಲಾಯಿಸಬಹುದು. ಎರಡನೇ ಸಾಲು ನನಗೆ ಜಾಸ್ತಿ ಚುಚ್ಚಿದ್ದು.

ಸಸ್ಯಾಹಾರಿಗಳಿಗೆ ಬೇರೆ ಅಡಿಗೆ ಇರಲಿ. ಬೇರೆ ಪಾತ್ರೆ, ಬೇರೆ ಸೌಟು ಇರಲಿ. ಜೈನರಿಗೆ ಈರುಳ್ಳಿ ಬೆಳ್ಳುಳ್ಳಿ ಬೇಡ ಅಂದ್ರೆ ಹಾಕದೇ ಮಾಡಿಕೊಡಲಿ. ತಿನ್ನೋದು ಬಿಡೋದು ಅವರವರ ಹಕ್ಕು, ಅದನ್ನ ಗೌರವಿಸಬೇಕು. ನಾವು "ನಮ್ಮ ಆಹಾರ ನಮ್ಮ ಆಯ್ಕೆ" ಅಂತ 2016ರಲ್ಲಿ ಉಡುಪಿ ಚಲೋ ನಡೆದವರು, ಬೇರೆಯವರ ಆಯ್ಕೆಯನ್ನ ಬೇಡ ಅನ್ನಲ್ಲ. ಆದರೆ ತಟ್ಟೆ ಬೇರೆ ಆದ ಮೇಲೂ ಕುರ್ಚಿ ಯಾಕೆ ಬೇರೆ ಆಗಬೇಕು? ನನ್ನ ತಟ್ಟೆಯ ಮೀನು ಎದ್ದು ಹೋಗಿ ಪಕ್ಕದವರ ತಟ್ಟೆಗೆ ಬೀಳುತ್ತಾ? ಅಡಿಗೆ ಬೇರೆ ಮಾಡೋದು ಆಹಾರದ ಪ್ರಶ್ನೆ. ಪಂಕ್ತಿ ಬೇರೆ ಮಾಡೋದು ಮನುಷ್ಯರ ಪ್ರಶ್ನೆ. ಇವೆರಡನ್ನೂ ಗೋಜಲು ಮಾಡೋದೇ ಈ ಕಾಲದ ಜಾಣತನ.

2014ರಲ್ಲಿ ಉಡುಪಿ ಕೃಷ್ಣಮಠದ ಭೋಜನಶಾಲೆಯಲ್ಲಿ ಬ್ರಾಹ್ಮಣರ ಪಂಕ್ತಿಯಲ್ಲಿ ಕೂತಿದ್ದ ಮಹಿಳೆಯೊಬ್ಬರನ್ನ ಎಬ್ಬಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಅಲ್ಲಿ ಎಲ್ಲರಿಗೂ ಬಡಿಸೋದು ಸಸ್ಯಾಹಾರವೇ ಅಲ್ವಾ? ಮತ್ತೆ ಪಂಕ್ತಿ ಯಾಕೆ ಬೇರೆ? ಇದಕ್ಕೆ ಉತ್ತರ ಸಿಕ್ಕಿದ ದಿನ ಹಡಗಿನ ಪ್ರತ್ಯೇಕ ಜಾಗಕ್ಕೂ ಉತ್ತರ ಸಿಗುತ್ತೆ. 2023ರಲ್ಲಿ ಐಐಟಿ ಬಾಂಬೆಯ ಹಾಸ್ಟೆಲ್ ಮೆಸ್‌ನಲ್ಲಿ ಆರು ಟೇಬಲ್ಲುಗಳನ್ನ ಸಸ್ಯಾಹಾರಿಗಳಿಗೆ ಅಂತ ಮೀಸಲಿಟ್ಟರು. ಪ್ರತಿಭಟಿಸಿ ಅಲ್ಲಿ ಕೂತ ವಿದ್ಯಾರ್ಥಿಗೆ 10,000 ರೂಪಾಯಿ ದಂಡ ಹಾಕಿದರು. ಮೀಸಲಾತಿ ಅಂದ್ರೆ ಉರಿದು ಬೀಳೋರು ಟೇಬಲ್ ಮೀಸಲಾತಿಗೆ ಚಪ್ಪಾಳೆ ಹೊಡೆದರು. 2024ರ ಮಾರ್ಚ್‌ನಲ್ಲಿ ಜೊಮ್ಯಾಟೊ ಕಂಪನಿ ಪ್ಯೂರ್ ವೆಜ್ ಆರ್ಡರ್ ತರೋರಿಗೆ ಬೇರೆಯಾಗಿ ಹಸಿರು ಬಟ್ಟೆ ಕೊಡ್ತೀವಿ ಅಂತ ಘೋಷಿಸಿತು. ಆಗ ಕೆಂಪು ಬಟ್ಟೆಯ ಹುಡುಗನನ್ನ ಅಪಾರ್ಟ್‌ಮೆಂಟಿನ ಗೇಟಲ್ಲೇ ತಡೀತಾರೆ ಅಂತ ಜನ ಕೂಗಿದ ಮೇಲೆ ಮರುದಿನವೇ ಹಸಿರು ಬಟ್ಟೆ ವಾಪಸ್ ತಗೊಂಡಿತು. ನಮ್ಮ ಪಕ್ಕದ ಮಂಡ್ಯದಲ್ಲೇ 2024ರ ಡಿಸೆಂಬರ್‌ನಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆದಾಗ ಮದ್ಯ, ತಂಬಾಕಿನ ಜೊತೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಬಾಡೂಟ ಬೇಕು ಅಂತ ಮಂಡ್ಯದ ಜನ ಎದ್ದು ನಿಂತಿದ್ದು ಬರೀ ನಾಲಿಗೆ ಚಪಲಕ್ಕಲ್ಲ. ನಾವು ತಿನ್ನೋದು ಬೀಡಿ, ಬ್ರಾಂದಿ ಸಾಲಿಗೆ ಸೇರೋ ಕೆಟ್ಟ ಚಟ ಅಲ್ಲ ಅಂತ ಹೇಳೋಕೆ.

"ವಾಸನೆ ತಡೆಯೋಕಾಗಲ್ಲ ಮೇಡಂ, ಅದಕ್ಕೇ" ಅಂತ ನನಗೂ ಹೇಳ್ತಾರೆ. ಇರಬಹುದು, ಅಭ್ಯಾಸ ಇಲ್ಲದವರಿಗೆ ಕಷ್ಟ ಆಗುತ್ತೆ. ಆದರೆ ಒಂದು ಅನುಭವ ಹೇಳ್ತೀನಿ. ಏಪ್ರಿಲ್ 14ಕ್ಕೆ ನಾನು ಆಫೀಸಿಗೆ ಸಿಹಿ ತಗೊಂಡು ಹೋಗ್ತೀನಿ. ಬೇಕರಿಯಿಂದ ಪ್ಯಾಕ್ ಮಾಡಿಸಿದ ಮೈಸೂರು ಪಾಕು ಒಯ್ದ ವರ್ಷ ಡಬ್ಬ ಹತ್ತು ನಿಮಿಷದಲ್ಲಿ ಖಾಲಿ. ಮನೇಲಿ ಕೈಯಾರೆ ತಟ್ಟಿದ ಒಬ್ಬಟ್ಟು ಒಯ್ದ ವರ್ಷ ಒಬ್ಬರಿಗೆ ಶುಗರ್ರು, ಒಬ್ಬರಿಗೆ ಉಪವಾಸ, ಒಬ್ಬರಿಗೆ "ಈಗ ತಾನೇ ಊಟ ಆಯ್ತು". ಒಬ್ಬಟ್ಟಿನಲ್ಲಿ ಯಾವ ಮಾಂಸದ ವಾಸನೆ ಇತ್ತು? ತೊಗರಿಬೇಳೆ, ಬೆಲ್ಲ, ಏಲಕ್ಕಿ. ವಾಸನೆ ಬಂದಿದ್ದು ಕೈಯಿಂದ.

ನಾನು ಏಜೆಂಟರಿಗೆ ಫೋನ್ ಮಾಡಿ ಪ್ರತ್ಯೇಕ ಜಾಗ ಯಾಕೆ ಅಂತ ಕೇಳಿದೆ. ಪಾಪ, ಒರಟಾಗಿ ಮಾತಾಡಲಿಲ್ಲ. "ಮೇಡಂ, ಫ್ಯಾಮಿಲಿ ಕ್ರೌಡು, ಡೀಸೆಂಟಾಗಿ ಇರಲಿ ಅಂತ" ಅಂದರು. ಆ ಒಂದು ಪದ ಹಿಡ್ಕೊಳ್ಳಿ: ಫ್ಯಾಮಿಲಿ. ಮನೆ ಬಾಡಿಗೆಗೆ ಹುಡುಕೋವಾಗ ಗೇಟಿಗೆ ನೇತು ಹಾಕಿರ್ತಾರಲ್ಲ ಬೋರ್ಡು, "ವೆಜಿಟೇರಿಯನ್ ಫ್ಯಾಮಿಲಿಗೆ ಮಾತ್ರ", ಅದೇ ಫ್ಯಾಮಿಲಿ ಇದು. ಜಾತಿ ಅನ್ನೋ ಪದ ಎಲ್ಲೂ ಇಲ್ಲ, ಕೇಸ್ ಹಾಕೋಕೆ ಒಂದು ಅಕ್ಷರ ಸಿಗಲ್ಲ. ಆದರೆ ಯಾರು ಒಳಗೆ, ಯಾರು ಹೊರಗೆ ಅಂತ ಎಲ್ಲರಿಗೂ ಅರ್ಥ ಆಗುತ್ತೆ. ನಾನು, ನನ್ನ ಗಂಡ, ನನ್ನ ಮಗ, ನಮ್ಮ ಅತ್ತೆ ಸೇರಿದರೆ ಫ್ಯಾಮಿಲಿ ಅಲ್ವಾ? ಭಾನುವಾರ ನಮ್ಮನೇಲಿ ಕೋಳಿ ಸಾರು ಕುದೀತದೆ ಅಂತ ನಾವು ಡೀಸೆಂಟ್ ಅಲ್ವಾ?

ದುಡ್ಡಿನ ಪಂಕ್ತಿ ಹಡಗಿನಲ್ಲಿ ಮೊದಲಿಂದಲೂ ಇದೆ. ಕುನಾರ್ಡ್‌ನ ಕ್ವೀನ್ ಮೇರಿ 2 ಹಡಗಿನಲ್ಲಿ ಯಾವ ದರದ ರೂಮು ತಗೊಂಡಿರಿ ಅನ್ನೋದರ ಮೇಲೆ ಯಾವ ಊಟದ ಹಾಲ್ ಅಂತ ಇವತ್ತಿಗೂ ನಿರ್ಧಾರ ಆಗುತ್ತೆ. ಅದೂ ಅನ್ಯಾಯವೇ. ಆದರೆ ದುಡ್ಡಿನ ಪಂಕ್ತಿಯನ್ನ ದುಡ್ಡು ಬಂದವರು ದಾಟಬಹುದು. ಹುಟ್ಟಿನ ಪಂಕ್ತಿಯನ್ನ ಎಷ್ಟು ದುಡ್ಡು ಕೊಟ್ಟರೂ ದಾಟೋಕಾಗಲ್ಲ. ನಮ್ಮ ದೇಶದ ಹಡಗಿನಲ್ಲಿ ದುಡ್ಡಿನದೂ ಇರುತ್ತೆ, ಅದರ ಮೇಲೆ ಇದೂ ಒಂದು.

ಕಾನೂನು ಏನು ಹೇಳುತ್ತೆ? ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲ್, ಸಾರ್ವಜನಿಕ ಮನರಂಜನೆಯ ಜಾಗಗಳಲ್ಲಿ ಜಾತಿ ಕಾರಣಕ್ಕೆ ಯಾರನ್ನೂ ತಡೆಯಂಗಿಲ್ಲ ಅನ್ನುತ್ತೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಓದಿದರೆ ನಿಮಗೆ ಆಶ್ಚರ್ಯ ಆಗುತ್ತೆ. ಅದರಲ್ಲಿ "ಸ್ಥಳ" ಅಂದ್ರೆ ಏನು ಅಂತ ವಿವರಿಸುವಾಗ ಮನೆ, ಕಟ್ಟಡ, ಡೇರೆ, ವಾಹನದ ಜೊತೆ ಹಡಗನ್ನೂ ಸೇರಿಸಿದ್ದಾರೆ. ಹೋಟೆಲಿನ ಪಾತ್ರೆ ಬಳಸೋ ಹಕ್ಕಿದೆ, ಒಡವೆ ವಸ್ತ್ರ ತೊಡೋ ಹಕ್ಕೂ ಇದೆ. ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೆ 1 ತಿಂಗಳಿಂದ 6 ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ. ತೊಡಕು ಇರೋದು "ಅಸ್ಪೃಶ್ಯತೆಯ ಕಾರಣಕ್ಕೆ" ಅನ್ನೋ ಮಾತಿನಲ್ಲಿ. ಯಾರೂ ಈಗ ಜಾತಿ ಹೆಸರು ಹೇಳಿ ಎಬ್ಬಿಸಲ್ಲ. ವೆಜ್ ಅಂತಾರೆ, ಡೀಸೆಂಟ್ ಅಂತಾರೆ, ಫ್ಯಾಮಿಲಿ ಅಂತಾರೆ. ಹಂಗಾಗಿ ಈ ಜಗಳವನ್ನ ಠಾಣೆಗಿಂತ ಮೊದಲು ಮಾತಿನಲ್ಲಿ, ನಾಲ್ಕು ಜನರ ಎದುರಿಗೆ ಮಾಡಬೇಕು.

ಅದಕ್ಕೇ ನನ್ನ ವಿನಂತಿ. ಹಡಗಿರಲಿ, ರೆಸಾರ್ಟಿರಲಿ, ಮದುವೆ ಹಾಲಿರಲಿ, ದುಡ್ಡು ಕಟ್ಟೋ ಮೊದಲು ನಾಲ್ಕು ಪ್ರಶ್ನೆ ಕೇಳಿ. ಬಾಯಿಮಾತಿಗೆ ಬಿಡಬೇಡಿ, ಉತ್ತರವನ್ನ ವಾಟ್ಸಾಪಿನಲ್ಲೋ ಮೇಲ್‌ನಲ್ಲೋ ಬರವಣಿಗೆಯಲ್ಲಿ ತಗೊಳ್ಳಿ.

ಒಂದು: ಪ್ರತ್ಯೇಕ ಅಡಿಗೆನಾ, ಪ್ರತ್ಯೇಕ ಕೂರೋ ಜಾಗನಾ?

ಎರಡು: ನಾನು ಸಸ್ಯಾಹಾರಿ ಸ್ನೇಹಿತೆಯ ಜೊತೆ ಒಂದೇ ಟೇಬಲ್ಲಿನಲ್ಲಿ ಕೂರಬಹುದಾ?

ಮೂರು: ಪಂಚೆ, ಸೀರೆ ಫಾರ್ಮಲ್ ಡ್ರೆಸ್ಸಾ, ಅಲ್ವಾ?

ನಾಲ್ಕು: ಡ್ರೆಸ್ ಕೋಡ್ ಪಾಲಿಸೋಕೆ ಆಗದವರಿಗೆ ಅದೇ ಊಟ, ಅದೇ ಮರ್ಯಾದೆ ಬೇರೆ ಕಡೆ ಸಿಗುತ್ತಾ?

ಸಸ್ಯಾಹಾರಿ ಗೆಳೆಯರಿಗೂ ಒಂದು ಮಾತು. ಎರಡನೇ ಪ್ರಶ್ನೆಯನ್ನ ನಾನು ಕೇಳೋದಕ್ಕಿಂತ ನೀವು ಕೇಳಿದರೆ ತೂಕ ಜಾಸ್ತಿ. "ನಮಗೆ ಬೇರೆ ಜಾಗ ಬೇಡ, ಅಡಿಗೆ ಮಾತ್ರ ಬೇರೆ ಇದ್ದರೆ ಸಾಕು" ಅಂತ ನೀವು ಅಂದ ದಿನ ಪಾಂಪ್ಲೆಟ್ಟಿನ ಆ ಸಾಲು ತಾನಾಗೇ ಹೋಗುತ್ತೆ. ವ್ಯಾಪಾರದವರು ಅದನ್ನ ಬರೆಯೋದು ನಿಮ್ಮ ಹೆಸರು ಹೇಳ್ಕೊಂಡು.

ಇನ್ನು ನಮ್ಮ ಮಕ್ಕಳಿಗೆ. ಓದಿ, ಕೆಲಸ ಹಿಡೀರಿ, ದುಡೀರಿ, ಹಡಗು ಹತ್ತಿ. ಕೋಟು ಹಾಕ್ಕೋಬೇಕು ಅನ್ನಿಸಿದರೆ ಹಾಕ್ಕೊಳ್ಳಿ, ಪಂಚೆ ಉಡಬೇಕು ಅನ್ನಿಸಿದರೆ ಉಟ್ಕೊಳ್ಳಿ. ಎಲ್ಲಿ ಕೂರಬೇಕು ಅಂತ ಯಾರಾದರೂ ಬೆರಳು ತೋರಿಸಿದರೆ, ಧ್ವನಿ ಏರಿಸದೆ, ತಟ್ಟೆ ಕೆಳಗಿಡದೆ, "ಯಾಕೆ?" ಅಂತ ಒಂದೇ ಒಂದು ಸಲ ಎಲ್ಲರಿಗೂ ಕೇಳೋ ಹಾಗೆ ಕೇಳಿ. ಆಮೇಲೆ ಅಲ್ಲೇ ಕೂತು ಊಟ ಮುಗಿಸಿ.

ಜೈ ಭೀಮ್.